ಶಿಂಕಟೀಗ್‌ನಲ್ಲಿ ಆರಾಮ ಸೈಕಲ್ ಸವಾರಿ: ಅಪ್ಪ ಮತ್ತು ಮಗಳನ್ನು ಕರ್ಕೊಂಡು ಹೋಗಬಹುದಾ?

ಎರಡುಚಕ್ರ:
ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಸೈಕಲ್ ಟೂರಿಂಗ್ ಪ್ಲಾನ್ ಇದೆ. ಅಪ್ಪ ಊರಿಂದ ಬಂದಿದ್ದಾರೆ, ವಯಸ್ಸು 66. ರಿಟೈರ್ ಆಗುವವರೆಗೂ ಆಫೀಸಿಗೆ ಸೈಕಲ್‌ನಲ್ಲೇ ಹೋಗಿ ಬಂದವರು. ಇಲ್ಲಿ ನ್ಯೂಜೆರ್ಸಿಯಲ್ಲಿ ಬೇಜಾರು ಅಂತ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ದಿನಾ ಗ್ಯಾರೇಜಿಗೆ ಹೋಗಿ ನನ್ನ ಸೈಕಲ್ ಟಯರನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, "ಗಾಳಿ ಕಮ್ಮಿ ಇದೆ" ಅಂತ ಹೇಳಿ ಬರುತ್ತಾರೆ. ಅರ್ಥ ಆಯಿತು ಬಿಡಿ.

ಸೆಪ್ಟೆಂಬರ್ ಕೊನೆಯಲ್ಲಿ ವರ್ಜೀನಿಯಾದ ಶಿಂಕಟೀಗ್ ವನ್ಯಧಾಮಕ್ಕೆ ಹೋಗೋಣ ಅಂತಿದ್ದೇವೆ. ಅಪ್ಪ, ನಾನು, ಹೆಂಡತಿ, 9 ವರ್ಷದ ಮಗಳು. ಮಗಳಿಗೆ ಕುದುರೆ ನೋಡಬೇಕು, ಅಪ್ಪನಿಗೆ ಸೈಕಲ್ ತುಳಿಯಬೇಕು, ಹೆಂಡತಿಗೆ ಯಾರೂ ಬಿದ್ದು ಕೈಕಾಲು ಮುರ್ಕೋಬಾರದು. ದಾರಿ ನಿಜಕ್ಕೂ ಸಲೀಸಾ? ಕಾರುಗಳ ಕಾಟ ಎಷ್ಟು? ಸೈಕಲ್‌ಗಳನ್ನು ಇಲ್ಲಿಂದಲೇ ಹೇರಿಕೊಂಡು ಹೋಗಬೇಕಾ, ಅಲ್ಲೇ ಸಿಗುತ್ತಾ? ಹೋಗಿ ಬಂದವರು ಹೇಳಿ.

ಕಡಲಕಾಗೆ:
ಕಣ್ಣು ಮುಚ್ಚಿ ಹೋಗಿ. ಆದರೆ ಅಲ್ಲಿ ಎರಡು ದ್ವೀಪ ಇದೆ ಅನ್ನೋದು ಮೊದಲು ತಲೆಯಲ್ಲಿರಲಿ. ಊರು ಇರೋದು ಶಿಂಕಟೀಗ್ ದ್ವೀಪದಲ್ಲಿ. ಹೋಟೆಲು, ಸೈಕಲ್ ಬಾಡಿಗೆ, ಐಸ್‌ಕ್ರೀಮು ಎಲ್ಲಾ ಅಲ್ಲೇ. ಶಿಂಕಟೀಗ್ ವನ್ಯಧಾಮದ ಬಹುಪಾಲು ಇರೋದು ಮಾತ್ರ ಅದರ ಪಕ್ಕದ ಆಸಟೀಗ್ ದ್ವೀಪದಲ್ಲಿ. ಆಸಟೀಗ್ ಅಂದರೆ ಅಟ್ಲಾಂಟಿಕ್‌ಗೆ ಎದೆಯೊಡ್ಡಿ ನಿಂತ 37 ಮೈಲಿ ಉದ್ದದ ಮರಳಪಟ್ಟಿ. ಅದರ ಬೆನ್ನ ಹಿಂದೆ ಶಿಂಕಟೀಗ್ ಬೆಚ್ಚಗೆ ಕೂತಿದೆ. ನಡುವೆ ಒಂದು ಸೇತುವೆ.

ಊರಿನ ಮ್ಯಾಡಕ್ಸ್ ಬುಲೆವಾರ್ಡ್ ಹಿಡಿದು ಪೂರ್ವಕ್ಕೆ ತುಳಿದರೆ ಸೇತುವೆ ದಾಟಿ ನೇರ ವನ್ಯಧಾಮ. ಒಳಗೆ ಬೀಚ್ ರಸ್ತೆಯ ಪಕ್ಕದಲ್ಲೇ ಸೈಕಲ್‌ಗೆ ಬೇರೆ ಡಾಂಬರು ದಾರಿ ಇದೆ. ಏರು ಅಂದರೆ ಆ ಸೇತುವೆ ಮಾತ್ರ, ಉಳಿದದ್ದೆಲ್ಲ ಸಪಾಟು. ಕಾರುಗಳು ಗೇಟಲ್ಲಿ ದುಡ್ಡು ಕೊಡಬೇಕು, ಸೈಕಲ್‌ಗೆ ಮತ್ತು ನಡೆದು ಬರುವವರಿಗೆ ಪುಕ್ಕಟೆ.

ಒಳಗೆ ಹೋದಮೇಲೆ ಮುಖ್ಯವಾದ್ದು ವೈಲ್ಡ್‌ಲೈಫ್ ಲೂಪ್, 3.2 ಮೈಲಿ. ಸ್ನೋ ಗೂಸ್ ಪೂಲ್ ಅನ್ನೋ ದೊಡ್ಡ ಕೆರೆಯನ್ನು ಸುತ್ತಿಕೊಂಡು ಬರುತ್ತದೆ. ಮಧ್ಯಾಹ್ನ 3 ಗಂಟೆಯವರೆಗೆ ಅದರ ಮೇಲೆ ಕಾರು ಬಿಡುವುದೇ ಇಲ್ಲ. ಸೈಕಲ್‌ನವರು, ನಡೆಯುವವರು ಮಾತ್ರ. ಇಡೀ ಪ್ರವಾಸದ ಗುಟ್ಟು ಇದೇ. ನಿಮ್ಮ ಮನೆಯವರ ಚಿಂತೆಗೂ ಇದೇ ಉತ್ತರ. ಬೆಳಿಗ್ಗೆ ಹೋದರೆ ಮಗಳು ರಸ್ತೆ ಅಗಲಕ್ಕೂ ಹಾವಿನ ಹಾಗೆ ಓಡಿಸಿದರೂ ಬೈಯುವವರು ಇರುವುದಿಲ್ಲ. 3 ಆದಮೇಲೆ ಕಾರುಗಳು ಸಾಲಾಗಿ ಬರುತ್ತವೆ, ಮೆಲ್ಲಗೇ ಬರುತ್ತವೆ, ಆದರೆ ಮಜಾ ಹೋಯಿತು.

ಆ ಲೂಪಿನಿಂದ ಸ್ವಾನ್ ಕೋವ್ ಟ್ರೇಲ್ ಹಿಡಿದರೆ ಬೀಚ್ ಕಡೆ ಸೇರಬಹುದು. ಇನ್ನೊಂದು ವುಡ್‌ಲ್ಯಾಂಡ್ ಟ್ರೇಲ್, 1.6 ಮೈಲಿ, ಪೈನ್ ಮರಗಳ ನಡುವೆ. ಎಲ್ಲಾ ಸೇರಿ ಊರಿಂದ ಊರಿಗೆ 15 ಮೈಲಿ ಹತ್ತಿರ ಆಗುತ್ತದೆ. ನಿಂತು ನಿಂತು ನೋಡಿಕೊಂಡು ಹೋದರೆ ಒಂದು ದಿನ ಸರಿಹೋಗುತ್ತದೆ.

ಬಯಲುಸೀಮೆ:
15 ಮೈಲಿನಾ? ನನ್ನ ಭಾವ ಇಷ್ಟು ದೂರ ಕಾರಲ್ಲಿ ಹೋದರೂ ದಾರೀಲಿ ಎರಡು ಸಲ ಕಾಫಿಗೆ ನಿಲ್ಲಿಸ್ತಾನೆ.

ಗೇರ್‌ಗುರು:
ಕಡಲಕಾಗೆಯವರು ದಾರಿ ಸಪಾಟು ಅಂದರು, ನಿಜ. ಆದರೆ ಸಪಾಟು ಅಂದರೆ ಸಲೀಸು ಅಂತ ಅಲ್ಲ. ಗುಡ್ಡ ಇಲ್ಲದ ಕಡೆ ಗಾಳಿಯೇ ಗುಡ್ಡ. ಗುಡ್ಡವಾದರೆ ಹತ್ತಿದಮೇಲೆ ಇಳಿಜಾರು ಸಿಗುತ್ತದೆ, ಎದುರುಗಾಳಿಗೆ ಇಳಿಜಾರೇ ಇಲ್ಲ. ಬಿಸಿಲೇರಿದ ಹಾಗೆ ನೆಲ ಬೇಗ ಕಾದು ಮೇಲಿನ ಗಾಳಿ ಏಳುತ್ತದೆ, ಆ ಜಾಗಕ್ಕೆ ಸಮುದ್ರದ ತಂಪುಗಾಳಿ ನುಗ್ಗುತ್ತದೆ. ಅದಕ್ಕೇ ಬಿಸಿಲಿನ ದಿನ ಮಧ್ಯಾಹ್ನ ಬೀಚ್ ಕಡೆ ಹೋಗುವುದು ಕಷ್ಟ, ಬೆಳಿಗ್ಗೆ ಸುಲಭ. ಶರತ್ಕಾಲದಲ್ಲಿ ಇದರ ಮೇಲೆ ಈಶಾನ್ಯದ ಗಾಳಿ ಬೇರೆ. ಹಿಂದಿನ ರಾತ್ರಿ ಗಾಳಿ ಯಾವ ದಿಕ್ಕು ಅಂತ ನೋಡಿಕೊಂಡು, ಎದುರುಗಾಳಿಯ ಪಾಲನ್ನು ಮೊದಲೇ ಮುಗಿಸುವ ಹಾಗೆ ಸುತ್ತು ಹಾಕಿ. ಸುಸ್ತಾದ ಮಗುವಿಗೆ ವಾಪಸ್ ಬರುವಾಗ ಬೆನ್ನಿಗೆ ಗಾಳಿ ಇರಬೇಕು.

ಇನ್ನು ಸೈಕಲ್ ವಿಚಾರ. ಊರಲ್ಲಿ ಬಾಡಿಗೆಗೆ ಧಾರಾಳ ಸಿಗುತ್ತವೆ. ಹೆಚ್ಚಿನವು ಅಗಲ ಸೀಟಿನ, ಒಂದೇ ಗೇರಿನ ಕ್ರೂಸರ್‌ಗಳು. ಕೂರಲು ಆರಾಮ. ಆದರೆ ನಿಮ್ಮ ತಂದೆಯವರಿಗೆ ಒಂದು ಮಾತು ಮೊದಲೇ ಹೇಳಿ: ಅವುಗಳಲ್ಲಿ ಬಹಳಷ್ಟಕ್ಕೆ ಪೆಡಲ್ ಹಿಂದಕ್ಕೆ ತುಳಿದರೇ ಬ್ರೇಕ್. ನಮ್ಮ ಕಡೆ ಹಳೇ ಸೈಕಲ್ ಓಡಿಸಿದವರಿಗೆ ಸುಮ್ನೆ ಪೆಡಲ್ ಹಿಂದಕ್ಕೆ ಸುತ್ತಿಸುವ ಚಾಳಿ ಇರುತ್ತದಲ್ಲ, ಕಾಲು ಸರಿ ಮಾಡಿಕೊಳ್ಳಲು? ಇಲ್ಲಿ ಹಾಗೆ ಮಾಡಿದರೆ ಹಿಂದಿನ ಚಕ್ರ ಗಕ್ಕನೆ ಹಿಡಿಯುತ್ತದೆ. ಕೈಬ್ರೇಕ್ ಇರುವ ಸೈಕಲ್ ಆದರೂ ಅಮೆರಿಕದಲ್ಲಿ ಎಡಗೈಯದ್ದು ಮುಂದಿನ ಚಕ್ರಕ್ಕೆ. ಅಂಗಡಿ ಮುಂದೆ ಹತ್ತು ನಿಮಿಷ ಸುತ್ತಾಡಿಸಿ, ಆಮೇಲೆ ಹೊರಡಿ.

ಮತ್ತೆ ಬಲಗಡೆ! 66 ವರ್ಷ ಎಡಗಡೆ ಹೋದವರು. ತಿರುವಿನಲ್ಲಿ ಕಾಲು, ಕಣ್ಣು ಎರಡೂ ಎಡಕ್ಕೇ ಎಳೆಯುತ್ತವೆ. ಅವರನ್ನು ಮುಂದೆ ಬಿಡಬೇಡಿ. ನೀವು ಮುಂದೆ, ಅವರು ನಡುವೆ, ಇನ್ನೊಬ್ಬರು ಹಿಂದೆ.

ಎರಡುಚಕ್ರ:
ಗುರುಗಳೇ, ಬ್ರೇಕ್ ವಿಚಾರ ತಲೆಗೇ ಬಂದಿರಲಿಲ್ಲ. ಅಪ್ಪನಿಗೆ ಓದಿ ಹೇಳಿದೆ. "ನಾನು ಬ್ರೇಕೇ ಇಲ್ಲದ ಸೈಕಲ್ ಓಡಿಸಿದವನು" ಅಂದರು. ಅದೇ ನನ್ನ ಭಯ.

ಲಾಂಗ್‌ರೈಡ್:
ತಪ್ಪು ತಿಳ್ಕೋಬೇಡಿ, ಆದರೆ ಇದಕ್ಕೆ ಟೂರಿಂಗ್ ಅನ್ನೋದು ಸ್ವಲ್ಪ ಜಾಸ್ತಿ ಆಯಿತು ಅಲ್ವಾ? ಕಾರಲ್ಲಿ ಹೋಗಿ, ಬಾಡಿಗೆ ಸೈಕಲ್ ಹತ್ತಿ, ಕೆರೆ ಸುತ್ತಿ ಬರುವುದು. ನಿಜವಾಗಿ ಮಾಡಬೇಕು ಅಂದರೆ ಮೇರಿಲ್ಯಾಂಡಿನ ಸ್ನೋ ಹಿಲ್‌ನಲ್ಲಿ ಕಾರು ಬಿಟ್ಟು, ಸಾಮಾನು ಕ್ಯಾರಿಯರ್‌ಗೆ ಕಟ್ಟಿಕೊಂಡು, ರೂಟ್ 12 ಹಿಡಿದು ಗರ್ಡಲ್‌ಟ್ರೀ, ಸ್ಟಾಕ್ಟನ್ ಮೇಲೆ ಹೋಗಿ. ವರ್ಜೀನಿಯಾ ಗಡಿ ದಾಟಿದರೆ ಅದೇ ರಸ್ತೆ 679 ಆಗುತ್ತದೆ. ಸುಮಾರು 30 ಮೈಲಿ. ಎರಡೂ ಕಡೆ ಜೋಳದ ಹೊಲ, ಸೋಯಾ, ಉದ್ದುದ್ದ ಕೋಳಿ ಶೆಡ್‌ಗಳು. ಟ್ರಾಫಿಕ್ ಕಮ್ಮಿ. ಕೋಳಿ ಶೆಡ್ಡಿನ ವಾಸನೆ ಮಾತ್ರ ಗಾಳಿ ಬಂದ ಕಡೆಯಿಂದ ಸಿಕ್ಕೇ ಸಿಗುತ್ತದೆ, ಅದಕ್ಕೆ ಗೇರ್ ಇಲ್ಲ. ರಾತ್ರಿ ಶಿಂಕಟೀಗ್‌ನ ಕ್ಯಾಂಪ್‌ಗ್ರೌಂಡಿನಲ್ಲಿ ಟೆಂಟು, ಮರುದಿನ ವನ್ಯಧಾಮ.

ಕಡಲಕಾಗೆ:
ರಸ್ತೆ ಚೆನ್ನಾಗಿದೆ, ಒಪ್ಪಿದೆ. ಆದರೆ ಕೊನೆಯ ಕಾಸ್‌ವೇ, ಅಂದರೆ ನೀರು-ಜವುಗಿನ ಮೇಲೆ ಹಾಯುವ ಏರಿ ರಸ್ತೆ, ಅದರ ಬಗ್ಗೆ ಯಾಕೆ ಹೇಳಲಿಲ್ಲ ಸ್ವಾಮಿ? ರೂಟ್ 175. ವಾಲಪ್ಸ್‌ನ ನಾಸಾ ಕೇಂದ್ರ ದಾಟಿದಮೇಲೆ ಜವುಗಿನ ಮೇಲೆ ಮೈಲಿಗಟ್ಟಲೆ ಬಟಾಬಯಲು. ಗಾಳಿಗೆ ಅಡ್ಡ ಏನೂ ಇಲ್ಲ, ಪಕ್ಕದಲ್ಲಿ ಬೀಚಿಗೆ ಅವಸರದಲ್ಲಿ ಹೋಗುವ ಎಸ್‌ಯುವಿಗಳು. ನೀವು, ನಾನು ಹೋಗಬಹುದು. 9 ವರ್ಷದ ಹುಡುಗಿಯನ್ನು ಅಲ್ಲಿ ಓಡಿಸಿ ಅಂತ ನಾನಂತೂ ಹೇಳಲ್ಲ.

ಟೂರಿಂಗ್ ಹೌದೋ ಅಲ್ಲವೋ ಅನ್ನೋ ಜಗಳ ಬೇಡ. ಒಂದು ಮೈಲಿಗೆ ಒಂದು ಗಂಟೆ ತಗೊಳ್ಳೋಕೆ ಧೈರ್ಯ ಇರುವವರಿಗೆ ಮಾತ್ರ ಆ ಜಾಗ ಕಾಣಿಸುತ್ತದೆ.

ಲಾಂಗ್‌ರೈಡ್:
ಕಾಸ್‌ವೇ ವಿಚಾರ ಸರಿ, ಮಕ್ಕಳ ಜೊತೆ ಬೇಡ. ಇನ್ನೊಂದು ಉಪಯೋಗದ ಮಾತು ಹೇಳಿ ಸುಮ್ಮನಾಗ್ತೀನಿ. ಆಸಟೀಗ್‌ನ ವರ್ಜೀನಿಯಾ ತುದಿಗೂ ಮೇರಿಲ್ಯಾಂಡ್ ತುದಿಗೂ ದ್ವೀಪದ ಮೇಲೆ ರಸ್ತೆ ಇಲ್ಲ. ಮ್ಯಾಪಿನಲ್ಲಿ ಒಂದೇ ಗೆರೆ ಕಾಣುತ್ತದೆ ಅಂತ "ಆ ತುದಿಯಿಂದ ಈ ತುದಿಗೆ ಒಂದೇ ದಿನದಲ್ಲಿ" ಅಂತ ಪ್ಲಾನ್ ಹಾಕಬೇಡಿ. ಮೇನ್‌ಲ್ಯಾಂಡಿಗೆ ವಾಪಸ್ ಬಂದು ಸುತ್ತಿ ಹೋಗಬೇಕು, ಕಾರಲ್ಲೇ ಒಂದು ಗಂಟೆಗೂ ಮೇಲೆ. ವರ್ಜೀನಿಯಾ ಪಾಲಿನ ದ್ವೀಪದ ಮೇಲೆ ರಾತ್ರಿ ಉಳಿಯಲು ಕ್ಯಾಂಪ್‌ಗ್ರೌಂಡ್ ಇಲ್ಲ, ಮೇರಿಲ್ಯಾಂಡ್ ಪಾಲಿನಲ್ಲಿ ಇದೆ.

ಹಕ್ಕಿಹುಚ್ಚ:
ಕುದುರೆ, ಗಾಳಿ ಎಲ್ಲಾ ಆಯಿತು, ಹಕ್ಕಿ ಬಗ್ಗೆ ಯಾರೂ ಉಸಿರೇ ಎತ್ತಲಿಲ್ಲವಲ್ಲ! ಆ ವನ್ಯಧಾಮ ಶುರುವಾಗಿದ್ದೇ ಹಕ್ಕಿಗಳಿಗಾಗಿ, 1943ರಲ್ಲಿ. ಮುಖ್ಯವಾಗಿ ವಲಸೆ ಬರುವ ಸ್ನೋ ಗೂಸ್ ಅನ್ನೋ ಬಿಳಿ ಹೆಬ್ಬಾತುಗಳಿಗೆ. ಕುದುರೆಗಳು ಪೋಸ್ಟ್‌ಕಾರ್ಡಿಗೆ ಚೆನ್ನ, ಮನೆ ಯಜಮಾನರು ಹಕ್ಕಿಗಳು.

ನೀವು ಸುತ್ತುವ ಆ ಕೆರೆ ತಾನಾಗಿ ಆದದ್ದಲ್ಲ. ಅಂಥವು 14 ಇವೆ, ಏರಿ ಕಟ್ಟಿ ಮಾಡಿದವು. ವಸಂತದಲ್ಲಿ ನೀರು ಇಳಿಸುತ್ತಾರೆ. ಕೆಸರು ಬಯಲಾಗುತ್ತದೆ, ಉದ್ದ ಕೊಕ್ಕಿನ ಸಣ್ಣ ಹಕ್ಕಿಗಳು ಹುಳು ಹೆಕ್ಕಲು ಇಳಿಯುತ್ತವೆ. ಬೇಸಿಗೆಯಲ್ಲಿ ಆ ತೇವದ ನೆಲದಲ್ಲೇ ಜೊಂಡು, ಹುಲ್ಲು ಬೆಳೆದು ಬೀಜ ಕಟ್ಟುತ್ತದೆ. ಚಳಿಗಾಲದ ಹೊತ್ತಿಗೆ ಮತ್ತೆ ನೀರು ತುಂಬುತ್ತದೆ, ಬಾತುಗಳಿಗೆ ಊಟ ರೆಡಿ. ಗದ್ದೆಗೆ ನೀರು ಕಟ್ಟಿ ಬಿಡುವ ಲೆಕ್ಕಾಚಾರವೇ, ಆದರೆ ಫಸಲು ಕೊಯ್ಯುವವರು ಬೇರೆ. ಸೈಕಲ್ ಓಡಿಸುವ ದಾರಿ ನೀರಿಗೆ ಅಷ್ಟು ಹತ್ತಿರ ಇರೋದು ಆ ಏರಿಯಿಂದಲೇ.

ಸೆಪ್ಟೆಂಬರ್ ಕೊನೆಗೆ ಸ್ನೋ ಗೂಸ್ ಇನ್ನೂ ಬಂದಿರುವುದಿಲ್ಲ. ಅದಕ್ಕೆ ನವೆಂಬರ್ ಮೇಲೆ ಹೋಗಬೇಕು. ನಿಮಗೆ ಬೆಳ್ಳಕ್ಕಿಗಳು ಸಿಗುತ್ತವೆ, ದೊಡ್ಡದೂ ಸಣ್ಣದೂ. ಸಣ್ಣದನ್ನು, ಸ್ನೋಯಿ ಈಗ್ರೆಟ್ ಅಂತಾರೆ, ನಿಂತು ನೋಡಿ. ಕಪ್ಪು ಕಾಲು, ಪಾದ ಮಾತ್ರ ಹಳದಿ. ಒಂದು ಕಾಲನ್ನು ಮುಂದೆ ಚಾಚಿ ನೀರಿನೊಳಗೆ ಪಾದವನ್ನು ಗಡಗಡ ನಡುಗಿಸುತ್ತದೆ. ಕೆಸರಲ್ಲಿ ಅಡಗಿದ ಮೀನು, ಸೀಗಡಿ ಗಾಬರಿಯಾಗಿ ಹೊರಬಿದ್ದ ತಕ್ಷಣ ಕೊಕ್ಕು ಇಳಿಯುತ್ತದೆ. ಸೈಕಲ್ ಮೇಲೆ ಕೂತೇ ಒಂದು ಕಾಲು ನೆಲಕ್ಕೆ ಊರಿ ನೋಡಿ. ಇಳಿದು ಹತ್ತಿರ ನಡೆದರೆ ಹಾರುತ್ತದೆ.

ಡ್ರೋನ್ ತರಬೇಡಿ, ನಿಷೇಧ. ನಾಯಿಯೂ ಅಷ್ಟೇ. ಮೇರಿಲ್ಯಾಂಡ್ ಪಾಲಿನಲ್ಲಿ ಕೆಲವು ಕಡೆ ಬಿಡ್ತಾರೆ ಅಂತ ಇಲ್ಲಿಗೂ ತಂದವರು ಗೇಟಿಂದಲೇ ವಾಪಸ್.

ಅಕ್ಕನಸವಾರಿ:
ಹೆಣ್ಣುಮಗು ಬರ್ತಿದ್ದಾಳೆ ಅಂತ ಸೊಳ್ಳೆ ಬಗ್ಗೆ ಹೇಳಲೇಬೇಕು. ಜುಲೈ, ಆಗಸ್ಟ್‌ನಲ್ಲಿ ಅಲ್ಲಿನ ಸೊಳ್ಳೆಗಳು ಅಂದರೆ ಮನುಷ್ಯರನ್ನೇ ಎತ್ತಿಕೊಂಡು ಹೋಗುವ ಜಾತಿ. ಸೆಪ್ಟೆಂಬರ್ ಕೊನೆಗೆ ಕಮ್ಮಿ ಆಗುತ್ತವೆ, ಆದರೆ ಪೂರ್ತಿ ಹೋಗಲ್ಲ. ಉಪ್ಪು ಜವುಗಿನ ಸೊಳ್ಳೆ ನಿಂತ ನೀರಿನ ಮೇಲೆ ಮೊಟ್ಟೆ ಇಡೋದಿಲ್ಲ, ಒದ್ದೆ ಮಣ್ಣಿನಲ್ಲಿ ಇಡುತ್ತದೆ. ದೊಡ್ಡ ಉಬ್ಬರವೋ ಜೋರು ಮಳೆಯೋ ಬಂದು ಆ ಮಣ್ಣು ಮುಳುಗಿದರೆ ಎಲ್ಲಾ ಒಟ್ಟಿಗೇ ಮರಿಯಾಗುತ್ತವೆ. ಹಾಗಾಗಿ ಹೋಗುವ ಒಂದೆರಡು ವಾರ ಮುಂಚೆ ಅಲ್ಲಿ ಬಿರುಗಾಳಿ ಮಳೆ ಆಗಿದೆಯಾ ಅಂತ ನೋಡಿ.

ಸೈಕಲ್ ಓಡುತ್ತಿರುವಾಗ ಸೊಳ್ಳೆ ಹತ್ತಿರ ಬರಲ್ಲ. ನಿಂತ ತಕ್ಷಣ ಬರ್ತವೆ. ಅದರಲ್ಲೂ ವುಡ್‌ಲ್ಯಾಂಡ್ ಟ್ರೇಲ್‌ನಲ್ಲಿ ಗಾಳಿ ಆಡಲ್ಲ, ನೆರಳು. ಅಲ್ಲಿ ಫೋಟೋ, ತಿಂಡಿ, ಜಗಳ ಏನೂ ಬೇಡ. ತೆರೆದ ಕೆರೆ ದಂಡೆ ಎಷ್ಟೋ ವಾಸಿ. ತಿಳಿ ಬಣ್ಣದ ತುಂಬುತೋಳಿನ ಬಟ್ಟೆ ಹಾಕಿಸಿ. ಡೀಟ್ ಅನ್ನೋ ರಾಸಾಯನಿಕ ಇರುವ ಸೊಳ್ಳೆ ಸ್ಪ್ರೇ ಹಚ್ಚಿದರೆ ಕೈ ಒರೆಸಿಕೊಂಡಮೇಲೇ ಹ್ಯಾಂಡಲ್, ಕನ್ನಡಕ ಮುಟ್ಟಿ. ಅದು ಪ್ಲಾಸ್ಟಿಕ್ ತಿನ್ನುತ್ತದೆ. ಪಿಕಾರಿಡಿನ್ ಇರುವ ಸ್ಪ್ರೇ ಆದರೆ ಆ ತೊಂದರೆ ಇಲ್ಲ.

ದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ. ರಕ್ತ ಹೀರುವ ಉಣ್ಣಿ ಹತ್ತುತ್ತದೆ, ಮುಟ್ಟಿದರೆ ತುರಿಸುವ ಪಾಯಿಸನ್ ಐವಿ ಬಳ್ಳಿ ಬೇರೆ. ರಾತ್ರಿ ರೂಮಿಗೆ ಬಂದಮೇಲೆ ಮಂಡಿ ಹಿಂದೆ, ಸೊಂಟ, ಕಿವಿ ಹಿಂದೆ ಎಲ್ಲಾ ನೋಡಿ. ತಂದೆಯವರಿಗೂ ಹೇಳಿ, ನಾಚಿಕೊಂಡು ಬಿಟ್ಟುಬಿಡ್ತಾರೆ ಗಂಡಸರು.

ಬಯಲುಸೀಮೆ:
ಅಕ್ಕಾ, ಜಗಳ ಎಲ್ಲಿ ಮಾಡಬಾರದು ಅಂತ ಹೇಳಿದ್ದಕ್ಕೆ ಥ್ಯಾಂಕ್ಸ್. ಮ್ಯಾಪಿನಲ್ಲಿ ಗುರುತು ಹಾಕ್ಕೊಂಡೆ.

ಹೊಸಬ:
ಕುದುರೆಗಳು ನಿಜವಾಗಿ ಕಾಡುಕುದುರೆಗಳಾ? ಹತ್ತಿರ ಹೋಗಬಹುದಾ? ನನ್ನ ಫ್ರೆಂಡ್ ಕೈಯಿಂದ ಸೇಬು ತಿನ್ನಿಸಿದ ಫೋಟೋ ಹಾಕಿದ್ದ.

ಕಡಲಕಾಗೆ:
ನಿಮ್ಮ ಫ್ರೆಂಡ್ ಮಾಡಿದ್ದು ಮೇರಿಲ್ಯಾಂಡ್ ಪಾಲಿನಲ್ಲಿ ಇರಬೇಕು. ಅಲ್ಲಿ ಕುದುರೆಗಳು ರಸ್ತೆ, ಟೆಂಟು ಎಲ್ಲಾ ಕಡೆ ಓಡಾಡುತ್ತವೆ. ತಿನ್ನಿಸುವುದು ಕಾನೂನುಬಾಹಿರ. 40 ಅಡಿ ದೂರ ಇರಬೇಕು ಅಂತ ನಿಯಮವೇ ಇದೆ. ತಿನ್ನಿಸಿ ತಿನ್ನಿಸಿ ರಸ್ತೆಗೆ ಬರುವ ರೂಢಿ ಮಾಡಿದರೆ ಕಾರಿಗೆ ಸಿಕ್ಕಿ ಸಾಯುವುದು ಕುದುರೆಯೇ. ಕಚ್ಚುತ್ತವೆ, ಒದೆಯುತ್ತವೆ, ಅದು ಬೇರೆ.

ವರ್ಜೀನಿಯಾ ಪಾಲಿನ ಕಥೆಯೇ ಬೇರೆ. ಇಲ್ಲಿನ ಕುದುರೆಗಳ ಒಡೆಯರು ಶಿಂಕಟೀಗ್ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳ! ವನ್ಯಧಾಮದಿಂದ ಮೇಯಿಸುವ ಪರ್ಮಿಟ್ ತಗೊಂಡು, ಬೇಲಿಯೊಳಗಿನ ಜವುಗಿನಲ್ಲಿ ಮೇಯಿಸುತ್ತಾರೆ. ದೊಡ್ಡ ಕುದುರೆಗಳು 150ಕ್ಕಿಂತ ಜಾಸ್ತಿ ಇರಬಾರದು. ಪ್ರತಿ ವರ್ಷ ಜುಲೈ ಕೊನೆಯಲ್ಲಿ ಒಂದು ಬುಧವಾರ ಅವುಗಳನ್ನು ಕಾಲುವೆಯಲ್ಲಿ ಈಜಿಸಿ ಊರಿಗೆ ತಂದು, ಮರುದಿನ ಮರಿಗಳನ್ನು ಹರಾಜು ಹಾಕುತ್ತಾರೆ. 1925ರಿಂದ ದಳದವರು ಇದನ್ನು ನಡೆಸುತ್ತಿದ್ದಾರೆ. ದುಡ್ಡು ದಳಕ್ಕೆ, ಕುದುರೆಗಳ ಆರೈಕೆಗೆ.

ಒಡೆದ ಸ್ಪೇನ್ ಹಡಗಿನಿಂದ ಈಜಿ ಬಂದವು ಅನ್ನೋದು ಊರಿನವರು ಪ್ರೀತಿಯಿಂದ ಹೇಳುವ ಕಥೆ. ತೆರಿಗೆ ಮತ್ತು ಬೇಲಿ ಕಾನೂನು ತಪ್ಪಿಸಿಕೊಳ್ಳಲು 17ನೇ ಶತಮಾನದ ರೈತರು ದ್ವೀಪಕ್ಕೆ ಅಟ್ಟಿದ ದನಕುದುರೆಗಳ ಸಂತತಿ ಅನ್ನೋದು ಇನ್ನೊಂದು. ನನಗೆ ಎರಡನೆಯದೇ ನಂಬಿಕೆ. ತೆರಿಗೆ ತಪ್ಪಿಸಲು ಮನುಷ್ಯ ಏನು ಬೇಕಾದರೂ ಮಾಡ್ತಾನೆ.

ಹೊಟ್ಟೆ ದಪ್ಪ ಇರುತ್ತದೆ, ಎಲ್ಲಾ ಗಬ್ಬವಾಗಿವೆ ಅಂದುಕೊಳ್ಳಬೇಡಿ. ಉಪ್ಪು ಹುಲ್ಲು ತಿಂದು ತುಂಬಾ ನೀರು ಕುಡಿಯುತ್ತವೆ, ಅದಕ್ಕೆ. ವುಡ್‌ಲ್ಯಾಂಡ್ ಟ್ರೇಲ್‌ನ ನಡುವೆ ಕುದುರೆ ನೋಡಲು ಕಟ್ಟೆ ಇದೆ. ದುರ್ಬೀನು ಇಲ್ಲದಿದ್ದರೆ ದೂರದಲ್ಲಿ ಕಂದು ಚುಕ್ಕೆಗಳು ಅಷ್ಟೇ. ಮಗಳಿಗೆ ಇದನ್ನು ಮೊದಲೇ ಹೇಳಿ.

ಹಕ್ಕಿಹುಚ್ಚ:
ಒಂದು ಮಾತು. ವನ್ಯಧಾಮದಲ್ಲಿ ಸಾಕುಪ್ರಾಣಿಯಂಥ ಕುದುರೆ ಯಾಕಿರಬೇಕು? ಜವುಗಿನ ಹುಲ್ಲು ಮೇಯ್ದು, ತುಳಿದು ಹಾಳು ಮಾಡುತ್ತವೆ. ಬೀಚ್ ಕಡೆ ಪೈಪಿಂಗ್ ಪ್ಲೋವರ್ ಅನ್ನೋ ಅಂಗೈಯಷ್ಟು ಹಕ್ಕಿ ಮರಳ ಮೇಲೇ ಮೊಟ್ಟೆ ಇಡುತ್ತದೆ ಅಂತ ದ್ವೀಪದ ದಕ್ಷಿಣದಲ್ಲಿ ಕೊಕ್ಕೆಯಂತೆ ಬಾಗಿದ ತುದಿಯನ್ನು ಮಾರ್ಚ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಜನರಿಗೆ ಮುಚ್ಚುತ್ತಾರೆ. ಅಷ್ಟು ಜೋಪಾನ ಮಾಡುವವರು ಕುದುರೆಗೆ ಮಾತ್ರ ರಿಯಾಯಿತಿ.

ಅಕ್ಕನಸವಾರಿ:
ಕುದುರೆ ಇಲ್ಲದಿದ್ದರೆ ಅರ್ಧ ಜನ ಅಲ್ಲಿಗೆ ಬರ್ತಿರಲಿಲ್ಲ ತಮ್ಮಾ. ನನ್ನ ಮಗ ಕುದುರೆಗೆ ಅಂತ ಬಂದವನು ಈಗ ಹಕ್ಕಿ ಪುಸ್ತಕ ಹಿಡ್ಕೊಂಡು ಓಡಾಡ್ತಾನೆ. 150ಕ್ಕೆ ಮಿತಿ ಹಾಕಿ, ಬೇಲಿಯೊಳಗೆ ಇಟ್ಟಿದ್ದಾರೆ. ಅಷ್ಟಕ್ಕೆ ಒಪ್ಪಿಕೊಳ್ಳಬಹುದು.

ಹಕ್ಕಿಹುಚ್ಚ:
ಮಗ ನಮ್ಮ ಪಾರ್ಟಿ ಸೇರಿದ್ದಾನೆ ಅಂದಮೇಲೆ ಈ ಸಲಕ್ಕೆ ಬಿಟ್ಟೆ. ಅವನಿಗೆ ಅಳಿಲು ಹುಡುಕಲು ಹೇಳಿ. ಡೆಲ್‌ಮಾರ್ವಾ ಫಾಕ್ಸ್ ಸ್ಕ್ವಿರಲ್. ಮನೆ ಹಿತ್ತಲಿನ ಅಳಿಲಿಗಿಂತ ಎಷ್ಟೋ ದೊಡ್ಡದು, ಬೆಳ್ಳಿ ಬೂದು ಬಣ್ಣ, ಪೊದೆಯಂಥ ಬಾಲ. ಮರದಿಂದ ಮರಕ್ಕೆ ಹಾರುವುದಕ್ಕಿಂತ ನೆಲದ ಮೇಲೆ ಓಡುವುದೇ ಜಾಸ್ತಿ. 1967ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿತ್ತು. ಬೇರೆ ಕಡೆಯಿಂದ ತಂದು ಇಲ್ಲಿ ಬಿಟ್ಟು ಬೆಳೆಸಿದರು. 2015ರಲ್ಲಿ ಪಟ್ಟಿಯಿಂದ ಹೊರಬಂತು. ಪಟ್ಟಿಗೆ ಸೇರುವ ಸುದ್ದಿಯೇ ಕೇಳುವ ನಮಗೆ ಇಂಥದ್ದು ಅಪರೂಪ.

ಫ್ಲೋರಿಡಾಮಾವ:
ಚಳಿಗಾಲಕ್ಕೆ ಯಾರಾದರೂ ಯೋಚಿಸ್ತಿದ್ದರೆ ನಮ್ಮ ಕಡೆ ಸಾನಿಬೆಲ್ ದ್ವೀಪಕ್ಕೆ ಬನ್ನಿ. ಡಿಂಗ್ ಡಾರ್ಲಿಂಗ್ ವನ್ಯಧಾಮ. ಕಾಂಡ್ಲಾ ಗಿಡಗಳ ನಡುವೆ 4 ಮೈಲಿ ದಾರಿ, ಗುಲಾಬಿ ಬಣ್ಣದ ಚಮಚಕೊಕ್ಕುಗಳು, ಅದೃಷ್ಟ ಇದ್ದರೆ ಮೊಸಳೆ. ನೀರು ಇಳಿತದಲ್ಲಿರುವಾಗ ಹೋಗಿ, ಆಗ ಹಕ್ಕಿ ಜಾಸ್ತಿ. ಶುಕ್ರವಾರ ಆ ದಾರಿ ಮುಚ್ಚಿರುತ್ತದೆ. ಊರಲ್ಲೂ ಸೈಕಲ್‌ಗೆ ಬೇರೆ ದಾರಿಗಳು ಮೈಲಿಗಟ್ಟಲೆ ಇವೆ. 2022ರ ಇಯಾನ್ ಚಂಡಮಾರುತದಲ್ಲಿ ಸಾನಿಬೆಲ್‌ನ ಕಾಸ್‌ವೇಯೇ ಕಿತ್ತುಹೋಗಿತ್ತು, ಆಮೇಲೆ ಸರಿಮಾಡಿದರು.

ಆ ಡಾರ್ಲಿಂಗ್ ಒಬ್ಬ ವ್ಯಂಗ್ಯಚಿತ್ರಕಾರ, ಗೊತ್ತಾ? ಬಾತುಬೇಟೆಯವರು ಕೊಳ್ಳಲೇಬೇಕಾದ ಡಕ್ ಸ್ಟಾಂಪಿನ ಮೊದಲ ಚಿತ್ರ ಬರೆದವನು ಅವನೇ, 1934ರಲ್ಲಿ. ಆ ಸ್ಟಾಂಪಿನ ದುಡ್ಡಲ್ಲೇ ದೇಶದ ತುಂಬಾ ಇಂಥ ಜವುಗು ಕೊಂಡುಕೊಂಡರು.

ಗೇರ್‌ಗುರು:
ಮಾವ, ಅದು ಬೇರೆ ಕಡೆಯ ಮಾತಾಯಿತು, ಅದಕ್ಕೆ ಬೇರೆಯಾಗಿ ಬರೆಯಿರಿ, ನಾನೇ ಮೊದಲು ಓದ್ತೀನಿ.

ಎರಡುಚಕ್ರ:
ಹೋಗಿ ಬಂದೆವು! ಎಲ್ಲರಿಗೂ ದೊಡ್ಡ ಥ್ಯಾಂಕ್ಸ್.

ಶನಿವಾರ ಬೆಳಗಾಗುತ್ತಲೇ ಸೇತುವೆ ದಾಟಿದೆವು. ಈಶಾನ್ಯದ ಗಾಳಿ. ಗೇರ್‌ಗುರು ಹೇಳಿದ ಹಾಗೆ ಬೀಚ್ ಮೊದಲು ಮುಗಿಸಿದೆವು. ಅಪ್ಪ ಹ್ಯಾಂಡಲ್ ಮೇಲೆ ಬಗ್ಗಿ ಗಾಳಿಗೆ ತಲೆ ಕೊಟ್ಟು ತುಳಿದ ರೀತಿ ನೋಡಬೇಕಿತ್ತು. ನಾನು ಹಿಂದೆ ಏದುಸಿರು ಬಿಡ್ತಿದ್ದೆ, ಅವರು ಹಿಂದೆ ತಿರುಗಿ "ಸೀಟು ಎತ್ತರ ಕಮ್ಮಿ ಇದೆ ನಿಂದು" ಅಂದರು. ನಿಲ್ಲಿಸಿ ಎತ್ತರಿಸಿದೆ. ಆಮೇಲೆ ನಿಜಕ್ಕೂ ಹಗುರ ಆಯಿತು. ಬಲಗಡೆಗೆ ಬೇಗ ಒಗ್ಗಿಕೊಂಡರು. ಎದುರಿಂದ ಬರುವವರಿಗೆಲ್ಲ ಬೆಲ್ ಹೊಡೆಯುವುದನ್ನು ಮಾತ್ರ ಬಿಡಿಸಲು ಆಗಲಿಲ್ಲ. ಇಲ್ಲಿ ಹಿಂದಿನಿಂದ ದಾಟುವಾಗ ಮಾತ್ರ ಹೊಡೀತಾರೆ ಅಂದರೆ, "ಬೆಲ್ ಇರೋದು ಹೊಡೆಯೋಕೆ" ಅಂದರು.

ಲೂಪ್‌ನಲ್ಲಿ ಆ ಹಳದಿ ಪಾದದ ಬೆಳ್ಳಕ್ಕಿ ಸಿಕ್ಕಿತು. ದಾರಿಯಿಂದ ಹತ್ತು ಹೆಜ್ಜೆ ದೂರ. ಮಗಳು ಹ್ಯಾಂಡಲ್ ಮೇಲೆ ಗಲ್ಲ ಇಟ್ಟುಕೊಂಡು ನೋಡಿದಳು. ಪಾದ ನಡುಗಿಸಿದಾಗ ನೀರಿನ ಮೇಲೆ ಸಣ್ಣ ಸಣ್ಣ ಉಂಗುರ ಏಳುತ್ತವೆ. ಕೊಕ್ಕು ಇಳಿದದ್ದು ಕಾಣಲೇ ಇಲ್ಲ, ಎತ್ತಿದಾಗ ಮೀನಿತ್ತು. ಅಳಿಲು ವುಡ್‌ಲ್ಯಾಂಡ್ ಟ್ರೇಲ್‌ನಲ್ಲಿ ದಾರಿ ಅಡ್ಡ ಓಡಿತು, ಬೆಕ್ಕು ಅಂತಲೇ ಅಂದುಕೊಂಡೆವು. ಪೈನ್ ಮರಗಳು ಬಹಳಷ್ಟು ಒಣಗಿ ನಿಂತಿವೆ, ಅದೇನು?

ಕುದುರೆಗಳು ದೂರದಲ್ಲೇ. ದುರ್ಬೀನು ಒಯ್ದಿದ್ದೆವು, ಬಚಾವ್. ಸೊಳ್ಳೆ ಕಟ್ಟೆ ಹತ್ತಿರ ಮಾತ್ರ. ಲೈಟ್‌ಹೌಸಿಗೆ ಸೈಕಲ್ ಕೆಳಗೆ ನಿಲ್ಲಿಸಿ ನಡೆದು ಹೋದೆವು. ಕೆಂಪು ಬಿಳಿ ಪಟ್ಟೆ, 142 ಅಡಿ, 1867ರದ್ದು. ಇಷ್ಟು ಒಳಗೆ ಮರಗಳ ನಡುವೆ ಯಾಕೆ ಕಟ್ಟಿದರೋ ಅಂತ ಅಪ್ಪನಿಗೆ ತಲೆಬಿಸಿ.

ಕಡಲಕಾಗೆ:
ಓದಿ ಖುಷಿ ಆಯಿತು. ಪೈನ್ ಮರ ಒಣಗಿದ್ದು ಪೈನ್ ಬೀಟಲ್ ಅನ್ನೋ ಹುಳದ ಕಾಟ, ತೊಗಟೆಯೊಳಗೆ ಸುರಂಗ ಕೊರೆದು ಕೊಲ್ಲುತ್ತದೆ.

ಲೈಟ್‌ಹೌಸ್ ಬಗ್ಗೆ ತಂದೆಯವರಿಗೆ ಹೇಳಿ: ಕಟ್ಟಿದಾಗ ಅದು ದ್ವೀಪದ ದಕ್ಷಿಣ ತುದಿಯ ಹತ್ತಿರವೇ ಇತ್ತು. ಅಲೆಗಳು ಉತ್ತರದಿಂದ ಮರಳು ತಂದು ತಂದು ದಕ್ಷಿಣಕ್ಕೆ ಪೇರಿಸಿ, ಕೊಕ್ಕೆಯಂತೆ ಬಾಗಿದ ಹೊಸ ನೆಲವನ್ನೇ ಬೆಳೆಸಿದವು. ತುದಿ ಈಗ ಮೈಲಿಗಟ್ಟಲೆ ಮುಂದೆ ಹೋಗಿದೆ. ಬೀಚ್ ಮಾತ್ರ ಉಲ್ಟಾ, ಮೇನ್‌ಲ್ಯಾಂಡ್ ಕಡೆಗೆ ಸರಿಯುತ್ತಿದೆ. ಬಿರುಗಾಳಿ ಬಂದಾಗಲೆಲ್ಲ ಪಾರ್ಕಿಂಗ್ ಜಾಗ ಮರಳಲ್ಲಿ ಮುಚ್ಚಿಹೋಗುತ್ತದೆ. 1962ರ ಮಾರ್ಚ್ ಬಿರುಗಾಳಿ ದ್ವೀಪದ ಮನೆ ಸೈಟುಗಳ ಕನಸನ್ನೇ ತೊಳೆದುಹಾಕಿತು. ಅದಾದಮೇಲೆ 1965ರಲ್ಲಿ ಆಸಟೀಗ್ ರಾಷ್ಟ್ರೀಯ ಕಡಲತೀರ ಆಯಿತು. ಇಲ್ಲದಿದ್ದರೆ ದ್ವೀಪದ ಮೇರಿಲ್ಯಾಂಡ್ ಪಾಲಿನಲ್ಲಿ ರೆಸಾರ್ಟ್‌ಗಳು ಇರುತ್ತಿದ್ದವು.

ಗೇರ್‌ಗುರು:
ಬಾಡಿಗೆ ಸೈಕಲ್ ಆದ್ದರಿಂದ ನಿಮಗೆ ಚಿಂತೆ ಇಲ್ಲ. ಸ್ವಂತದ್ದು ಒಯ್ಯುವವರು ಅದೇ ಸಂಜೆ ಸಿಹಿನೀರಲ್ಲಿ ಮೆಲ್ಲಗೆ ತೊಳೆದು, ಚೈನ್ ಒರೆಸಿ ಎಣ್ಣೆ ಬಿಡಿ. ಜೋರು ಪೈಪ್ ಹಿಡಿದರೆ ಉಪ್ಪು, ಮರಳು ಬೇರಿಂಗ್ ಒಳಗೆ ಹೋಗುತ್ತದೆ.

ಹೊಸಬ:
ಇದನ್ನೆಲ್ಲ ಓದಿ ನಾವೂ ಹೊರಟ್ವಿ, ಆದರೆ ಮಕ್ಕಳ ರಜೆ ನೋಡಿಕೊಂಡು ಜುಲೈ ಕೊನೆಗೆ. ಕುದುರೆ ಈಜು ನೋಡಬೇಕಂತೆ. ಆ ಜನಜಂಗುಳಿಯಲ್ಲಿ ಸೈಕಲ್ ಆಗುತ್ತಾ?

ಅಕ್ಕನಸವಾರಿ:
ಆ ದಿನ ಸೈಕಲ್ಲೇ ವಾಸಿ. ಊರ ತುಂಬಾ ಕಾರು, ನಿಲ್ಲಿಸಲು ಜಾಗ ಸಿಗಲ್ಲ. ಬೆಳಕು ಹರಿಯುವ ಮುಂಚೆ ಮೆಮೋರಿಯಲ್ ಪಾರ್ಕ್ ಕಡೆ ಹೋಗಿ, ಹಾಳಾದರೂ ಪರವಾಗಿಲ್ಲ ಅನ್ನೋ ಚಪ್ಪಲಿ ಹಾಕಿಸಿ, ಕೆಸರು. ಉಬ್ಬರ ಇಳಿತ ಎರಡೂ ಇಲ್ಲದೆ ನೀರು ನಿಂತ ಹೊತ್ತಿಗೆ ಈಜಿಸ್ತಾರೆ. ಅದಕ್ಕೆ ಗಂಟೆಗಟ್ಟಲೆ ಕಾಯಬೇಕು, ಈಜು ಕೆಲವೇ ನಿಮಿಷ. ನೀರು, ತಿಂಡಿ, ಸ್ಪ್ರೇ ಮರೀಬೇಡಿ.

ಹೊಸಬ:
ಮಗಳು ಮರುದಿನ ಹರಾಜಿಗೂ ಹೋಗೋಣ ಅಂತಿದ್ದಾಳೆ. ಸುಮ್ನೆ ನೋಡೋಕೆ ಅಂತೆ.

ಅಕ್ಕನಸವಾರಿ:
ಹೋಗಿ, ಚೆನ್ನಾಗಿರುತ್ತೆ. ಆದ್ರೆ ಸೊಳ್ಳೆ ಓಡಿಸೋಕೂ ಕೈ ಎತ್ತಬೇಡ ಅಂತ ಹೇಳಿಟ್ಟಿರಿ. ಕುದುರೆ ಮರಿಯನ್ನ ಸೈಕಲ್ ಕ್ಯಾರಿಯರ್ ಮೇಲೆ ಕೂರಿಸೋಕಾಗಲ್ಲ.